ಕೊಳ್ಳುವುದು ಮತ್ತು ಕೊಡುವುದು: ಥ್ರ್ಯಾಶ್ ಮೆಟಲ್ ಸಂಗೀತದಲ್ಲಿ ಅರಬ್ ಮಕಾಮ್

೧

೨೦೧೫ನೆಯ ಇಸವಿಯ ಫೆಬ್ರವರಿ ಕೊನೆಯಲ್ಲಿ ಇರಾಕಿನ ಮೊಸುಲ್ ನಗರದ ವಸ್ತುಸಂಗ್ರಹಾಲಯದ ಶಿಲ್ಪಗಳನ್ನು ಸುತ್ತಿಗೆಯಿಂದ ಒಡೆಯುವ ದೃಶ್ಯಗಳನ್ನು ‘ಇಸ್ಲಾಮಿಕ್ ಸ್ಟೇಟ್’ ಸಂಘಟನೆ ಜಗತ್ತಿಗೆ ತೋರಿಸಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ‘ಮೆಲೆಖೆಶ್’ ಎಂಬ ತಂಡದ ‘ಎನ್ಕಿ’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಎನ್ಕಿ ಸುಮೇರಿಯನ್ನರ ಜಲದೇವತೆ. ಅದೇ ವರ್ಷ ‘ಅಕ್ರಾಸಿಕೌಡ’ ಎಂಬ ಮತ್ತೊಂದು ತಂಡ ‘ಗಿಲ್ಗಮೆಶ್’ ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು. ಮೊದಲನೆಯ ತಂಡ ೧೯೯೩ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ ಮುಂದೆ ಯುರೋಪಿಗೆ ಹೋದುದು. ಎರಡನೆಯದು ೨೦೦೧ರಲ್ಲಿ ಬಗ್ದಾದಿನಲ್ಲಿ ಹುಟ್ಟಿ, ಯುದ್ಧಕ್ಕೆ ಸಿಕ್ಕಿ, ಸಿರಿಯಾ ಮತ್ತು ತುರ್ಕಿಗಳನ್ನು ಹಾದು ಅಮೆರಿಕ ಸೇರಿದುದು. ಒಂದು ನೆಲದ ಅತ್ಯಂತ ಹಳೆಯ ನೆನಪುಗಳನ್ನು ಆ ನೆಲದ ಮೇಲೆಯೇ ಪುಡಿಮಾಡುತ್ತಿದ್ದ ಕಾಲದಲ್ಲಿ, ಆ ಸೀಮೆಯಿಂದ ಹೊರಬಿದ್ದವರು ಅವೇ ನೆನಪುಗಳನ್ನು ಜಗತ್ತಿನ ಅತ್ಯಂತ ಗದ್ದಲದ ಸಂಗೀತಗಳಲ್ಲೊಂದರಲ್ಲಿ ಹಾಡುತ್ತಿದ್ದರು. ಇದು ಕೇವಲ ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ಆದರೂ ಅದು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ.

ಈ ಎರಡೂ ತಂಡಗಳ ಬಗೆಗೆ ಬರೆದವರು ‘ಅರಬ್ ಸಂಗೀತ ಮತ್ತು ಥ್ರ್ಯಾಶ್ ಮೆಟಲ್‌ಗಳ ಬೆಸುಗೆ’ ಎಂಬ ಮಾತನ್ನು ಸುಲಭವಾಗಿ ಬಳಸುತ್ತಾರೆ. ‘ಬೆಸುಗೆ’ ಎಂದರೆ ಇಲ್ಲಿ ಏನು? ಎರಡು ಸಂಗೀತಗಳು ಕೂಡಿದಾಗ ಯಾವುದು ಏನನ್ನು ಕೊಂಡಿತು, ಏನನ್ನು ಕೊಟ್ಟಿತು? ಕೊಳುಕೊಡೆಯ ಲೆಕ್ಕದಲ್ಲಿ ಕೊಂಡುದು ಮಾತ್ರ ಇದ್ದು ಕೊಟ್ಟುದು ಇಲ್ಲದಿದ್ದರೆ ಅದನ್ನು ಅಲಂಕಾರವೆನ್ನಬಹುದೇ ಹೊರತು ಬೆಸುಗೆ ಎನ್ನಲಾಗದು ಎಂಬುದು ನಮ್ಮ ನಿಲುವು. ಈ ನಿಲುವನ್ನು ಮೇಲಿನ ಎರಡು ತಂಡಗಳ ಕೃತಿಗಳ ಮೇಲೆ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಟ್ಯುನೀಶಿಯಾದ ‘ಮೈರತ್’, ಇಸ್ರೇಲಿನ ‘ಆರ್ಫನ್ಡ್ ಲ್ಯಾಂಡ್’ ಮೊದಲಾದ ತಂಡಗಳು ಈ ದಿಕ್ಕಿನಲ್ಲಿ ಗಣ್ಯವಾದ ಕೆಲಸ ಮಾಡಿದ್ದರೂ ಅವು ಥ್ರ್ಯಾಶ್ ಪ್ರಭೇದಕ್ಕೆ ಸೇರದ ಕಾರಣ ಅವನ್ನು ಇಲ್ಲಿ ಕೈಬಿಟ್ಟಿದ್ದೇವೆ.

೨

ಥ್ರ್ಯಾಶ್ ಮೆಟಲ್ ಎಂಬುದು ೧೯೮೦ರ ದಶಕದ ಆರಂಭದಲ್ಲಿ ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪ್ರಭೇದ. ಬ್ರಿಟಿಷ್ ಹೆವಿ ಮೆಟಲ್‌ನ ಗಿಟಾರ್ ಕೌಶಲವೂ ಹಾರ್ಡ್‌ಕೋರ್ ಪಂಕ್‌ನ ಆವೇಶವೂ ಅದರಲ್ಲಿ ಕೂಡಿವೆ. ‘ಮೆಟಾಲಿಕ’ ಮತ್ತು ‘ಸ್ಲೇಯರ್’ ತಂಡಗಳ ಮೊದಲ ಧ್ವನಿಮುದ್ರಿಕೆಗಳು ಬಂದುದು ೧೯೮೩ರಲ್ಲಿ. ಈ ಸಂಗೀತದ ಮೂಲ ಘಟಕ ‘ರಿಫ್’. ಅಂದರೆ ಮತ್ತೆ ಮತ್ತೆ ಆವರ್ತಿಸುವ ಒಂದು ಚಿಕ್ಕ ಸ್ವರಗುಚ್ಛ. ಬಲ ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿ, ನಾದವನ್ನು ಅರ್ಧ ಅದುಮಿ, ಮೀಟನ್ನು ಬಡಿತದಂತೆ ಕೇಳಿಸುವುದು ಇದರ ಮುಖ್ಯ ತಂತ್ರ. ನಿಮಿಷಕ್ಕೆ ೧೮೦ರಿಂದ ೨೦೦ ಬಡಿತಗಳ ಗತಿ ಇಲ್ಲಿ ಅಪರೂಪವಲ್ಲ. ಪ್ರತಿ ಬಡಿತಕ್ಕೆ ನಾಲ್ಕು ಮೀಟು ಎಂದುಕೊಂಡರೆ ಸೆಕೆಂಡಿಗೆ ಹನ್ನೆರಡು, ಹದಿಮೂರು ಮೀಟುಗಳಾಗುತ್ತವೆ.

ಅರಬ್ ಸಂಗೀತದ ಮೂಲ ಪರಿಕಲ್ಪನೆ ‘ಮಕಾಮ್’. ಇದನ್ನು ಪಾಶ್ಚಾತ್ಯರ ‘ಸ್ಕೇಲ್’ ಎಂಬ ಪದದಿಂದ ವಿವರಿಸುವುದು ವಾಡಿಕೆಯಾಗಿದ್ದರೂ ಕನ್ನಡದ ಓದುಗರಿಗೆ ಆ ಸುತ್ತುದಾರಿ ಬೇಕಿಲ್ಲ. ಆರೋಹಣ ಅವರೋಹಣಗಳನ್ನು ಹೇಳಿದ ಮಾತ್ರಕ್ಕೆ ರಾಗವಾಗುವುದಿಲ್ಲ ಎಂಬ ತಿಳಿವಳಿಕೆ ನಮ್ಮಲ್ಲಿ ಸಹಜವಾಗಿಯೇ ಇದೆ. ಮಕಾಮ್ ಕೂಡ ಹಾಗೆಯೇ. ಮೂರು, ನಾಲ್ಕು ಅಥವಾ ಐದು ಸ್ವರಗಳ ‘ಜಿನ್ಸ್’ ಎಂಬ ತುಣುಕುಗಳು ಕೂಡಿ ಅದರ ಮೈ ರೂಪುಗೊಳ್ಳುತ್ತದೆ. ಯಾವ ಸ್ವರದಿಂದ ಹೊರಟು, ಎಲ್ಲಿ ತಂಗಿ, ಯಾವ ನೆರೆಯ ಮಕಾಮನ್ನು ಹೊಕ್ಕು ಹೊರಬಂದು, ಹೇಗೆ ಮನೆಗೆ ಮರಳಬೇಕೆಂಬ ನಡೆಯನ್ನು ‘ಸೈರ್’ ಎನ್ನುತ್ತಾರೆ. ಆ ಪದದ ಅರ್ಥವೇ ನಡೆ, ಸಂಚಾರ.

ಮಕಾಮ್‌ಗಳಲ್ಲಿ ಹಿಜಾಜ್, ಕುರ್ದ್, ನಹಾವಂದ್ ಮುಂತಾದವನ್ನು ಹನ್ನೆರಡು ಸ್ವರಸ್ಥಾನಗಳ ಚೌಕಟ್ಟಿನಲ್ಲಿ ಸ್ಥೂಲವಾಗಿ ಬರೆದುಕೊಳ್ಳಬಹುದು. ಹಿಜಾಜ್‌ನ ಮೊದಲ ನಾಲ್ಕು ಸ್ವರಗಳು ನಮ್ಮ ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮಗಳಿಗೆ ಹತ್ತಿರ. ಅದರ ಪೂರ್ಣ ರೂಪ ಸ್ವರಸ್ಥಾನಗಳ ಮಟ್ಟಿಗೆ ವಕುಳಾಭರಣವನ್ನೂ, ಅದರ ಬಳಗದ ಹಿಜಾಜ್ ಕಾರ್ ಎಂಬ ಮಕಾಮ್ ಮಾಯಾಮಾಳವಗೌಳವನ್ನೂ ಹೋಲುತ್ತವೆ. ಆದರೆ ರಾಸ್ತ್ ಮತ್ತು ಬಯಾತಿ ಎಂಬ ಮಕಾಮ್‌ಗಳು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ರಾಸ್ತ್‌ನ ಗಾಂಧಾರ ನಮ್ಮ ಸಾಧಾರಣ ಮತ್ತು ಅಂತರ ಗಾಂಧಾರಗಳ ನಡುವೆ ನಿಲ್ಲುತ್ತದೆ. ಬಯಾತಿಯ ರಿಷಭ ಶುದ್ಧ ಮತ್ತು ಚತುಶ್ರುತಿ ರಿಷಭಗಳ ನಡುವೆ ನಿಲ್ಲುತ್ತದೆ. ಈ ನಡುವಣ ಗಾಂಧಾರಕ್ಕೆ ಶಾಸ್ತ್ರದಲ್ಲಿ ಒಬ್ಬ ಬಗ್ದಾದಿನ ವಾದಕನ ಹೆಸರಿದೆ. ಎಂಟನೆಯ ಶತಮಾನದ ಊದ್ ವಾದಕ ಝಲ್ಝಲ್‌ನ ಹೆಸರಿನಲ್ಲಿ ಅದನ್ನು ‘ವುಸ್ತಾ ಝಲ್ಝಲ್’ ಎಂದು ಕರೆದರು. ಹತ್ತನೆಯ ಶತಮಾನದ ಅಲ್-ಫಾರಾಬಿ ಅದನ್ನು ೨೭:೨೨ರ ಅನುಪಾತವಾಗಿ ದಾಖಲಿಸಿದ. ಸ್ಥಾಯಿಯನ್ನು ೧೨೦೦ ಪಾಲು ಮಾಡಿದರೆ ಸಾಧಾರಣ ಗಾಂಧಾರ ೩೦೦ರ, ಅಂತರ ಗಾಂಧಾರ ೪೦೦ರ ಆಸುಪಾಸಿನಲ್ಲಿ ಬೀಳುತ್ತವೆ. ಝಲ್ಝಲ್‌ನ ಸ್ವರ ಬೀಳುವುದು ೩೫೫ರಲ್ಲಿ. ೧೯೩೨ರಲ್ಲಿ ಕೈರೋದಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನದಲ್ಲಿ, ಬೆಲಾ ಬಾರ್ತೊಕ್ ಮುಂತಾದವರ ಸಮ್ಮುಖದಲ್ಲಿ, ಸ್ಥಾಯಿಯನ್ನು ಇಪ್ಪತ್ತನಾಲ್ಕು ಸಮಪಾಲು ಮಾಡಿ ಇಂಥ ಸ್ವರಗಳನ್ನು ಹಿಡಿದಿಡಬಹುದೇ ಎಂಬ ಚರ್ಚೆ ನಡೆದು ಒಮ್ಮತ ಮೂಡದೆ ಹೋಯಿತು. ಜೀವಂತ ಸ್ವರ ಕೋಷ್ಟಕಕ್ಕೆ ಸಿಗುವುದಿಲ್ಲವೆಂಬುದನ್ನು ಆ ವಾಗ್ವಾದ ತೋರಿಸಿಕೊಟ್ಟಿತು.

ಈಗ ಮೆಟಲ್ ಸಂಗೀತದಲ್ಲಿ ‘ಅರಬ್ ಛಾಯೆ’ ಎಂದು ಗುರುತಿಸಲಾಗುವ ಭಾಗಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ಹಿಜಾಜ್ ಅಥವಾ ಹಿಜಾಜ್ ಕಾರ್ ಆಗಿರುವುದು ಕಂಡುಬರುತ್ತದೆ. ‘ಐರನ್ ಮೇಡನ್’ ತಂಡ ೧೯೮೪ರ ‘ಪವರ್‌ಸ್ಲೇವ್’ನಲ್ಲಿ ಈಜಿಪ್ಟಿನ ಫೇರೋನನ್ನು ಚಿತ್ರಿಸಲು ಬಳಸಿದುದೂ, ‘ಮೆಟಾಲಿಕ’ ೧೯೯೧ರ ‘ವೇರೆವರ್ ಐ ಮೇ ರೋಮ್’ನಲ್ಲಿ ಅಲೆಮಾರಿಯ ಹಾದಿಯನ್ನು ಸೂಚಿಸಲು ಬಳಸಿದುದೂ ಇದೇ ಬಳಗದ ಸ್ವರಗಳನ್ನು. ಅರಬ್ ಗಾಯನದಲ್ಲಿಯೂ ಕುರಾನ್ ಪಠಣದಲ್ಲಿಯೂ ದಿನನಿತ್ಯ ಕೇಳಿಬರುವ ಬಯಾತಿಗೆ ಮಾತ್ರ ಇಲ್ಲಿ ಜಾಗವಿಲ್ಲ. ಅಂದರೆ ಅರಬರ ಕಿವಿಗೆ ಮನೆಮಾತಾದ ಸ್ವರ ಗಡಿಯಲ್ಲೇ ಉಳಿಯಿತು. ಹೊರಗಿನವರ ಕಿವಿಗೆ ‘ಮರುಭೂಮಿ’ ಎಂದು ತಟ್ಟನೆ ಹೊಳೆಯುವ ಸ್ವರಕ್ಕೆ ರಹದಾರಿ ಸಿಕ್ಕಿತು. ಎಡ್ವರ್ಡ್ ಸೈದ್ ೧೯೭೮ರಲ್ಲಿ ತಮ್ಮ ‘ಓರಿಯಂಟಲಿಸಂ’ ಕೃತಿಯಲ್ಲಿ ಪೂರ್ವವನ್ನು ಕುರಿತು ಪಶ್ಚಿಮ ಕಟ್ಟಿಕೊಂಡ ಸಂಕಥನದ ಬಗೆಗೆ ಎತ್ತಿದ ಪ್ರಶ್ನೆ ಈ ನಾಲ್ಕು ಸ್ವರಗಳ ಮಟ್ಟದಲ್ಲಿಯೂ ಪ್ರಸ್ತುತವೇ.

ನಮ್ಮ ಕಿವಿಯೂ ಇದಕ್ಕೆ ಹೊರತಲ್ಲ. ಸರಳೆ ವರಸೆಯಿಂದಲೇ ಮಾಯಾಮಾಳವಗೌಳ ಕೇಳಿ ಬೆಳೆದವರಿಗೆ ಹಿಜಾಜ್ ಕಾರ್‌ನ ರಿಫ್ ಮೊದಲ ಸಲಕ್ಕೇ ಪರಿಚಿತವೆನಿಸುತ್ತದೆ. ‘ಇದು ನಮಗೆ ಗೊತ್ತು’ ಎಂದುಕೊಂಡು ನಾವೂ ಬಹುಕಾಲ ಅದನ್ನು ನಮ್ಮ ರಾಗದ ಮೂಲಕವೇ ಕೇಳಿದೆವು. ಅರಬ್ ವಾದಕರು ಹಿಜಾಜ್ ನುಡಿಸುವಾಗ ಎರಡನೆಯ ಸ್ವರವನ್ನು ತುಸು ಏರಿಸಿ, ಮೂರನೆಯದನ್ನು ತುಸು ಇಳಿಸಿ, ನಡುವಣ ಕಂದಕವನ್ನು ಕಿರಿದಾಗಿಸುತ್ತಾರೆಂಬುದು ಆಮೇಲೆ ಗಮನಕ್ಕೆ ಬಂದಿತು. ಪರಿಚಯದ ಭ್ರಮೆಯೂ ಅಪರಿಚಯದ ಬೆರಗಿನಷ್ಟೇ ಕಿವಿಯನ್ನು ಮುಚ್ಚಬಲ್ಲದು.

೩

ಬಯಾತಿ ಮತ್ತು ರಾಸ್ತ್‌ಗಳು ಗಿಟಾರಿಗೆ ಬಾರದಿರಲು ಅದರ ಫ್ರೆಟ್ಟುಗಳೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಊದ್ ವಾದ್ಯದ ಕುತ್ತಿಗೆ ನುಣುಪು. ಬೆರಳು ಎಲ್ಲಿ ಬೇಕಾದರೂ ಕೂರಬಹುದು. ಗಿಟಾರಿನಲ್ಲಿ ಸ್ಥಾಯಿಗೆ ಹನ್ನೆರಡು ಮನೆ ಮಾತ್ರ. ಈ ವಿವರಣೆ ನಮಗೆ ಸಾಲದೆನಿಸುತ್ತದೆ. ನಮ್ಮ ವೀಣೆಗೂ ಸ್ಥಾಯಿಗೆ ಹನ್ನೆರಡೇ ಮೆಟ್ಟಿಲು. ಆದರೂ ತಂತಿಯನ್ನು ಎಳೆದು ವೈಣಿಕರು ಮೆಟ್ಟಿಲುಗಳ ನಡುವಣ ಎಲ್ಲ ಗಮಕಗಳನ್ನೂ ಹೊರಡಿಸುತ್ತಾರೆ. ವಿದ್ಯುತ್ ಗಿಟಾರಿನಲ್ಲಿ ತಂತಿ ಎಳೆಯುವುದು ಇನ್ನೂ ಸುಲಭ. ಹಾಗಿದ್ದರೆ ಅಡ್ಡಿ ಎಲ್ಲಿದೆ?

ಅಡ್ಡಿ ಇರುವುದು ವಾದ್ಯದಲ್ಲಲ್ಲ, ಥ್ರ್ಯಾಶ್‌ನ ನುಡಿಸುವ ಕ್ರಮದಲ್ಲಿ. ಮೊದಲನೆಯದಾಗಿ ವೇಗ. ಸೆಕೆಂಡಿಗೆ ಹನ್ನೆರಡು ಮೀಟು ಬೀಳುವಲ್ಲಿ ತಂತಿಯನ್ನೆಳೆದು ಸ್ವರದ ತುದಿಯನ್ನು ತಡಕುವುದಕ್ಕೆ ಸಮಯವಿಲ್ಲ. ಸಮಯವಿದ್ದರೂ ಕೇಳುವ ಕಿವಿಗೆ ಅದನ್ನು ಹಿಡಿಯಲು ಸಮಯವಿಲ್ಲ. ಎರಡನೆಯದಾಗಿ ಡಿಸ್ಟಾರ್ಷನ್ ಎಂಬ ಧ್ವನಿವಿಕಾರ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ, ಒಟ್ಟಿಗೆ ನುಡಿದ ಎರಡು ಸ್ವರಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸಮನಾದ ಹೊಸ ಸ್ವರಗಳು ಹುಟ್ಟುತ್ತವೆ. ಷಡ್ಜ ಪಂಚಮಗಳ ಅನುಪಾತ ೨:೩. ಅವುಗಳ ವ್ಯತ್ಯಾಸ ೧, ಅಂದರೆ ಅದೇ ಷಡ್ಜದ ಕೆಳಗಿನ ಸ್ಥಾಯಿ. ಆದ್ದರಿಂದಲೇ ಷಡ್ಜ ಪಂಚಮಗಳನ್ನು ಜೋಡಿಸಿ ನುಡಿಸುವ ‘ಪವರ್ ಕಾರ್ಡ್’ ಎಷ್ಟೇ ವಿಕಾರಗೊಂಡರೂ ಗಟ್ಟಿಯಾಗಿ ನಿಲ್ಲುತ್ತದೆ. ಝಲ್ಝಲ್‌ನ ಗಾಂಧಾರವನ್ನು ಷಡ್ಜದೊಡನೆ ಹೀಗೆ ನುಡಿಸಿದರೆ ೨೨ ಮತ್ತು ೨೭ರ ವ್ಯತ್ಯಾಸವಾದ ೫ ಎರಡರೊಡನೆಯೂ ಹೊಂದದೆ ನಾದ ಒರಟಾಗಿ ಕಲಕಿಹೋಗುತ್ತದೆ. ಇನ್ನು ಜೋಡಿತಂತಿಗಳನ್ನು ಒಟ್ಟಿಗೆ ಎಳೆದರೆ ಎರಡೂ ಒಂದೇ ಪ್ರಮಾಣದಲ್ಲಿ ಏರದೆ ಪಂಚಮವೇ ಕೆಡುತ್ತದೆ.

ಇದರಿಂದ ನಮಗೆ ಒಂದು ಒರೆಗಲ್ಲು ದೊರೆಯುತ್ತದೆ. ಥ್ರ್ಯಾಶ್ ಮಕಾಮನ್ನು ನಿಜವಾಗಿ ಒಳಗೊಳ್ಳಬೇಕಾದರೆ ತನ್ನದನ್ನು ಏನಾದರೂ ಬಿಟ್ಟುಕೊಡಲೇಬೇಕು: ವೇಗವನ್ನೋ, ಜೋಡಿತಂತಿಯ ದಪ್ಪವನ್ನೋ, ವಿಕಾರದ ತೀವ್ರತೆಯನ್ನೋ. ಏನನ್ನೂ ಬಿಟ್ಟುಕೊಡದೆ ಕೊಳ್ಳಬಹುದಾದುದು ಹಿಜಾಜ್‌ನ ಸ್ಥೂಲ ಆಕಾರವನ್ನು ಮಾತ್ರ.

೪

ಹೀಗೆಂದ ಮಾತ್ರಕ್ಕೆ ಎರಡು ಸಂಗೀತಗಳೂ ಒಂದಕ್ಕೊಂದು ಹೊರಗಿನವೇನಲ್ಲ. ಅವುಗಳ ನಡುವೆ ಕನಿಷ್ಠ ಮೂರು ಒಳಸಂಬಂಧಗಳನ್ನು ಗುರುತಿಸಬಹುದು.

ಮೊದಲನೆಯದು ಏಕಸ್ವರತೆ. ಅರಬರ ‘ತಖ್ತ್’ ಎಂಬ ಸಾಂಪ್ರದಾಯಿಕ ಮೇಳದಲ್ಲಿ ಊದ್, ಕಾನೂನ್, ನೈ, ಪಿಟೀಲುಗಳು ಒಂದೇ ರಾಗಧಾರೆಯನ್ನು ತಂತಮ್ಮ ಅಲಂಕಾರಗಳೊಡನೆ ನುಡಿಸುತ್ತವೆ. ಪಾಶ್ಚಾತ್ಯ ಹಾರ್ಮನಿಯ ಲಂಬ ರಚನೆ ಅಲ್ಲಿಲ್ಲ. ಥ್ರ್ಯಾಶ್‌ನ ರಿಫ್ ಕೂಡ ಜೋಡಿತಂತಿಯ ದಪ್ಪ ಬಿಟ್ಟರೆ ಸಾರದಲ್ಲಿ ಒಂಟಿ ಧಾರೆಯೇ. ಕೆಳಗಿನ ಬಿಡಿತಂತಿ ಆಧಾರಶ್ರುತಿಯಂತೆ ಮಿಡಿಯುತ್ತಿರುತ್ತದೆ. ಅದರ ಮೇಲೆ ರಿಫ್ ಏರಿಳಿಯುತ್ತದೆ.

ಎರಡನೆಯದು ಲಯ. ಅರಬ್ ತಾಳಗಳಾದ ‘ಈಕಾ’ಗಳು ‘ದುಮ್’ ಮತ್ತು ‘ತಕ್’ ಎಂಬ ಎರಡು ಬಗೆಯ ಪೆಟ್ಟುಗಳ ವಿನ್ಯಾಸಗಳು. ‘ದುಮ್’ ಚರ್ಮದ ನಡುವಿನ ಗಂಭೀರ ಪೆಟ್ಟು. ‘ತಕ್’ ಅಂಚಿನ ಚುರುಕು ಪೆಟ್ಟು. ‘ಮಲ್ಫೂಫ್’ ಎಂಬ ಈಕಾದಲ್ಲಿ ಎಂಟು ಅಕ್ಷರಗಳು ೩+೩+೨ ಎಂದು ಒಡೆಯುತ್ತವೆ. ‘ಸಮಾಯಿ ತಕೀಲ್’ನಲ್ಲಿ ಹತ್ತು ಅಕ್ಷರಗಳು ೩+೨+೨+೩ ಎಂದು. ಮೆಟಲ್ ರಿಫ್‌ಗಳಲ್ಲಿ ೩+೩+೨ರ ಒತ್ತು ತೀರ ಪರಿಚಿತವಾದುದು. ಅದು ಅರಬ್ ಮೂಲದಿಂದಲೇ ಬಂದಿತೆಂದು ನಾವು ವಾದಿಸುತ್ತಿಲ್ಲ. ಎರಡು ಮನೆಗಳ ಬಾಗಿಲು ಒಂದೇ ಅಂಗಳಕ್ಕೆ ತೆರೆದಿವೆ ಎಂದಷ್ಟೇ ಹೇಳುತ್ತಿದ್ದೇವೆ.

ಮೂರನೆಯದು ಮೀಟು. ಇಲ್ಲಿ ಚರಿತ್ರೆಯೇ ಒಂದು ಕೊಂಡಿಯನ್ನು ಒದಗಿಸುತ್ತದೆ. ೧೯೬೨ರಲ್ಲಿ ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ ಪೂರ್ವ ಮೆಡಿಟರೇನಿಯನ್ ಸೀಮೆಯ ‘ಮಿಸಿರ್ಲೂ’ ಎಂಬ ಧಾಟಿಯನ್ನು ಅತಿವೇಗದ ಮೀಟಿನಲ್ಲಿ ನುಡಿಸಿ ಮುದ್ರಿಸಿದ. ಅವನ ತಂದೆ ಲೆಬನಾನಿನ ಮೂಲದವರು. ಮನೆಯ ಹಿರಿಯರು ಊದ್ ಮತ್ತು ದರ್ಬುಕ ನುಡಿಸುವುದನ್ನು ಕೇಳಿ ಬೆಳೆದ ಡೇಲ್, ಆ ಮೀಟಿನ ಮಿಡಿತವನ್ನೇ ಗಿಟಾರಿಗೆ ತಂದೆನೆಂದು ಹೇಳಿಕೊಂಡಿದ್ದಾನೆ. ಆಂಪ್ಲಿಫೈಯರಿನ ಅಬ್ಬರವನ್ನು ಹೆಚ್ಚಿಸಲು ಹಟ ಹಿಡಿದವರಲ್ಲಿ ಅವನೂ ಒಬ್ಬ. ಒಂದೇ ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಬಿಡುವಿಲ್ಲದೆ ಮೀಟುವ ಈ ತಂತ್ರ ಮುಂದೆ ಮೆಟಲ್ ಸಂಗೀತದ ಅಂಗವೇ ಆಯಿತು. ಆದ್ದರಿಂದ ‘ಅರಬ್ ಪ್ರಭಾವ’ವೆಂಬುದು ಸಿದ್ಧಗೊಂಡ ಮೆಟಲ್‌ಗೆ ಹೊರಗಿನಿಂದ ಬಂದು ಅಂಟಿದ ಬಣ್ಣವೆಂಬ ಗ್ರಹಿಕೆಯನ್ನೇ ಮರುಪರಿಶೀಲಿಸಬೇಕಾಗಿದೆ. ವಲಸಿಗರ ಮನೆಯೊಳಗಿನ ಒಂದು ವಾದ್ಯ ಅಮೆರಿಕದ ಗಿಟಾರಿನ ಬಲಗೈಯನ್ನು ಮೊದಲೇ ತಿದ್ದಿತ್ತು.

೫

ಮೆಲೆಖೆಶ್ ತಂಡವನ್ನು ಸ್ಥಾಪಿಸಿದ ಅಶ್ಮೆದಿ ತಮ್ಮ ಸಂಗೀತವನ್ನು ‘ಮೆಸಪೊಟೇಮಿಯನ್ ಮೆಟಲ್’ ಎಂದು ಕರೆದುಕೊಂಡರು. ಬ್ಲ್ಯಾಕ್ ಮೆಟಲ್ ಮತ್ತು ಥ್ರ್ಯಾಶ್‌ಗಳೆರಡೂ ಅದರಲ್ಲಿವೆ. ೧೯೯೬ರ ಮೊದಲ ಧ್ವನಿಮುದ್ರಿಕೆಯ ಶೀರ್ಷಿಕೆಯಲ್ಲಿ ಇಂಗ್ಲಿಷಿನ ಜೊತೆಗೆ ‘ಅಲ್-ಇಂತಿಸಾರ್’ ಎಂಬ, ವಿಜಯವೆಂಬ ಅರ್ಥದ ಅರಬ್ಬಿ ಪದವೂ ಇತ್ತು. ೨೦೦೧ರ ‘ಜಿನ್’, ೨೦೦೩ರ ‘ಸ್ಫಿಂಕ್ಸ್’, ೨೦೦೬ರ ‘ಎಮಿಸರೀಸ್’, ಇಸ್ತಾಂಬುಲ್‌ನಲ್ಲಿ ಮುದ್ರಣಗೊಂಡ ೨೦೧೦ರ ‘ದಿ ಎಪಿಜೆನೆಸಿಸ್’, ಕೊನೆಗೆ ೨೦೧೫ರ ‘ಎನ್ಕಿ’: ಇವು ಈ ತಂಡದ ಬೆಳವಣಿಗೆಯ ಮುಖ್ಯ ಹಂತಗಳು.

ಈ ಕೃತಿಗಳಲ್ಲಿ ಎರಡು ಬಗೆಯ ಪರಿಹಾರಗಳನ್ನು ಕಾಣುತ್ತೇವೆ. ಒಂದು, ಗೀತರಹಿತವಾದ ವಾದ್ಯಖಂಡಗಳನ್ನು ಬೇರೆಯಾಗಿ ಇಡುವುದು. ‘ಎಮಿಸರೀಸ್’ನ ‘ದಿ ಸ್ಕ್ರೈಬ್ಸ್ ಆಫ್ ಕುರ್’, ‘ಎಪಿಜೆನೆಸಿಸ್’ನ ‘ಎ ಗ್ರೇಟರ್ ಚೈನ್ ಆಫ್ ಬೀಯಿಂಗ್’, ‘ಎನ್ಕಿ’ಯ ‘ಡೋರ್‌ವೇಸ್ ಟು ಇರ್ಕಲ್ಲ’ ಈ ಜಾತಿಯವು. ಕೇಳಲು ಇಂಪಾದ ರಚನೆಗಳಿವು. ಆದರೆ ಇಲ್ಲಿ ಪೂರ್ವದ ಸಂಗೀತಕ್ಕೆ ಮನೆಯ ಹೊರಗೆ ಒಂದು ಅತಿಥಿಗೃಹ ಕಟ್ಟಿಕೊಟ್ಟಂತಾಗಿದೆ. ಅತಿಥಿಗೆ ಉಪಚಾರ ಸಲ್ಲುತ್ತದೆ. ಮನೆಯೊಳಗಿನ ಬದುಕು ಮಾತ್ರ ಬದಲಾಗುವುದಿಲ್ಲ. ವಿಮರ್ಶಕರು ಬಹುವಾಗಿ ಮೆಚ್ಚಿ ಉಲ್ಲೇಖಿಸುವ ಈ ಭಾಗಗಳೇ ನಮ್ಮ ಒರೆಗಲ್ಲಿಗೆ ಹಚ್ಚಿದಾಗ ದುರ್ಬಲವೆನಿಸುತ್ತವೆ.

ಎರಡನೆಯ ಪರಿಹಾರ ಇದಕ್ಕಿಂತ ಕಷ್ಟದ್ದು, ಹೆಚ್ಚು ಫಲ ಕೊಟ್ಟದ್ದು. ಅದು ಗಿಟಾರ್ ರಿಫ್‌ನ ಒಳಗೇ ಪೂರ್ವದ ನಡೆಯನ್ನು ತರುವುದು. ‘ಎಪಿಜೆನೆಸಿಸ್’ನ ಮೊದಲ ಹಾಡಾದ ‘ಗೌಲ್ಸ್ ಆಫ್ ನಿನೆವೆ’ಯನ್ನು ನೋಡಬಹುದು. ಇಲ್ಲಿ ತಂಡ ತನ್ನ ಎಂದಿನ ಓಟವನ್ನು ತಗ್ಗಿಸಿ ಮಧ್ಯಮ ಗತಿಗೆ ಇಳಿಯುತ್ತದೆ. ಹಾಗೆ ಇಳಿದ ಕೂಡಲೇ ಸ್ವರಗಳ ನಡುವೆ ತೆರವು ಹುಟ್ಟುತ್ತದೆ. ಆ ತೆರವಿನಲ್ಲಿ ಸ್ವರದ ಅಂಚನ್ನು ತಿರುವುವ ಅಲಂಕಾರಕ್ಕೆ ಎಡೆ ಸಿಗುತ್ತದೆ. ಡ್ರಮ್ಮು ದುಮ್-ತಕ್‌ಗಳ ವಿನ್ಯಾಸಕ್ಕೆ ಹತ್ತಿರವಾಗಿ ನಡೆಯುತ್ತದೆ. ಊದ್ ಅಥವಾ ದರ್ಬುಕವನ್ನು ತಂದು ತೋರಿಸುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ. ಥ್ರ್ಯಾಶ್ ತನ್ನ ವೇಗವೆಂಬ ಅಭಿಮಾನವನ್ನು ಬಿಟ್ಟುಕೊಟ್ಟು ನಡೆಯನ್ನು ಪಡೆದುಕೊಂಡಿದೆ. ಇದನ್ನೇ ನಾವು ಬೆಸುಗೆ ಎನ್ನುತ್ತೇವೆ. ಈ ತಂಡದ ಅತಿವೇಗದ ಹಾಡುಗಳಲ್ಲಿ ಹಿಜಾಜ್ ಇದ್ದೇ ಇದೆ. ಆದರೆ ಅಲ್ಲಿ ಅದು ಓಡುವ ಕುದುರೆಯ ಮೈಮೇಲಿನ ಜೂಲಿನಂತೆ ಹಾರಾಡುತ್ತದೆ, ಕುದುರೆಯ ಹೆಜ್ಜೆಯಾಗುವುದಿಲ್ಲ.

೬

ಅಕ್ರಾಸಿಕೌಡದ ಪ್ರಕರಣ ಇನ್ನೊಂದು ಬಗೆಯದು. ತಂಡದ ಹೆಸರು ಒಂದು ಜಾತಿಯ ಕರಿಚೇಳಿನ ಶಾಸ್ತ್ರೀಯ ನಾಮದಿಂದ ಬಂದುದು. ಸದ್ದಾಮ್ ಹುಸೇನನ ಆಳ್ವಿಕೆಯಲ್ಲಿ ಕಚೇರಿ ನಡೆಸಬೇಕಾದರೆ ಅವನನ್ನು ಹೊಗಳುವ ಹಾಡೊಂದನ್ನು ಈ ತರುಣರು ಕಟ್ಟಬೇಕಾಯಿತು. ೨೦೦೩ರ ಆಕ್ರಮಣದ ನಂತರ ಹೊಗಳುವ ಅಗತ್ಯ ತಪ್ಪಿತು. ಆದರೆ ಹಾಡುವ ಸ್ಥಳವೇ ಇಲ್ಲವಾಯಿತು. ಅವರ ಅಭ್ಯಾಸದ ಕೊಠಡಿ ದಾಳಿಯಲ್ಲಿ ನಾಶವಾಯಿತು. ಕೊಲೆಬೆದರಿಕೆಗಳು ಬಂದವು. ಸುರೂಶ್ ಆಲ್ವಿ ಮತ್ತು ಎಡ್ಡಿ ಮೊರೆಟ್ಟಿ ನಿರ್ದೇಶಿಸಿದ ೨೦೦೭ರ ‘ಹೆವಿ ಮೆಟಲ್ ಇನ್ ಬಗ್ದಾದ್’ ಸಾಕ್ಷ್ಯಚಿತ್ರ ಈ ಕಥೆಯನ್ನು ಜಗತ್ತಿಗೆ ತಿಳಿಸಿತು. ಅವರ ಮೊದಲ ಅಂತರರಾಷ್ಟ್ರೀಯ ಕಿರು ಧ್ವನಿಮುದ್ರಿಕೆ ‘ಓನ್ಲಿ ದ ಡೆಡ್ ಸೀ ದಿ ಎಂಡ್ ಆಫ್ ದ ವಾರ್’ ಬಂದುದು ೨೦೧೦ರಲ್ಲಿ. ‘ಟೆಸ್ಟಮೆಂಟ್’ ತಂಡದ ಗಿಟಾರ್ ವಾದಕ ಅಲೆಕ್ಸ್ ಸ್ಕೊಲ್ನಿಕ್ ಅದರ ನಿರ್ಮಾಪಕರು. ಹೀಗೆ ಸಂಗೀತಕ್ಕಿಂತ ಮೂರು ವರ್ಷ ಮೊದಲೇ ಸಂಗೀತಗಾರರ ಸಂಕಟ ಜನಪ್ರಿಯವಾಗಿತ್ತು. ಇದರ ಪರಿಣಾಮವನ್ನು ವಿಮರ್ಶೆ ಇನ್ನೂ ಸರಿಯಾಗಿ ಎದುರಿಸಿಲ್ಲ.

ಆ ಧ್ವನಿಮುದ್ರಿಕೆಯಲ್ಲಿರುವುದು ನಾಲ್ಕು ಹಾಡುಗಳು. ‘ಮೆಸೇಜ್ ಫ್ರಮ್ ಬಗ್ದಾದ್’ ಕ್ಯಾಲಿಫೋರ್ನಿಯಾ ಶೈಲಿಯ ನೇರ ಥ್ರ್ಯಾಶ್. ಅರಬ್ ಛಾಯೆ ಎದ್ದು ಕೇಳಿಸುವುದು ‘ಗಾರ್ಡನ್ ಆಫ್ ಸ್ಟೋನ್ಸ್’ ಎಂಬ ಒಂದರಲ್ಲಿ. ಬಗ್ದಾದಿನ ತಂಡವೆಂದು ಕೇಳಹೊರಟವರಿಗೆ ಇದು ನಿರಾಶೆಯೆನಿಸಬಹುದು. ಇಷ್ಟು ದೂರದಿಂದ ಬಂದವರು ತಮ್ಮದೆಂಬುದನ್ನು ಇಷ್ಟೇ ತಂದರೇ ಎಂದು ಕೇಳಬಹುದು. ಈ ಪ್ರಶ್ನೆಯ ಒಳಗೆ ಒಂದು ಯಜಮಾನಿಕೆ ಅಡಗಿದೆ. ಕ್ಯಾಲಿಫೋರ್ನಿಯಾದ ತರುಣ ಥ್ರ್ಯಾಶ್ ನುಡಿಸಿದರೆ ಅವನನ್ನು ‘ನಿನ್ನ ನೆಲದ ಸ್ವರವೆಲ್ಲಿ?’ ಎಂದು ಯಾರೂ ಕೇಳುವುದಿಲ್ಲ. ಬಗ್ದಾದಿನವನು ಮಾತ್ರ ತನ್ನ ಮೂಲದ ದಾಖಲೆಯನ್ನು ಪ್ರತಿ ಹಾಡಿನಲ್ಲಿಯೂ ತೋರಿಸಬೇಕು. ದೇಶ ದೇಶಗಳ ಕಚೇರಿಗಳ ಮುಂದೆ ಕಾಗದಪತ್ರ ಹಿಡಿದು ನಿಂತು ಬಂದ ವಲಸಿಗರಿಂದ ಸಂಗೀತದ ವಿಮರ್ಶೆಯೂ ಕಾಗದಪತ್ರವನ್ನೇ ಕೇಳುವುದು ಕ್ರೂರವಾದುದು. ಬಗ್ದಾದಿನ ಆ ತರುಣರಿಗೆ ಥ್ರ್ಯಾಶ್ ಪರಕೀಯ ಭಾಷೆಯಾಗಿರಲಿಲ್ಲ. ಸುತ್ತಲಿನ ಸದ್ದಿಗೆ ಸಮನಾದ ಸದ್ದು ಅವರಿಗೆ ಅದರಲ್ಲಿ ಮಾತ್ರ ಸಿಕ್ಕಿತ್ತು.

ಹಾಗಾಗಿ ಪ್ರಭಾವವೆಂಬುದು ಕಲಾವಿದ ತೀರಿಸಬೇಕಾದ ಸಾಲವಲ್ಲ ಎಂಬ ಮಾತನ್ನು ನಮ್ಮ ಒರೆಗಲ್ಲಿನ ಜೊತೆಗೇ ಇಟ್ಟುಕೊಳ್ಳಬೇಕು. ಬೆಸೆಯಲು ಹೊರಟವರನ್ನು ‘ಏನನ್ನು ಕೊಟ್ಟಿರಿ?’ ಎಂದು ಕೇಳುವ ಹಕ್ಕು ವಿಮರ್ಶೆಗಿದೆ. ಬೆಸೆಯದಿರುವವರನ್ನು ‘ಏಕೆ ಬೆಸೆಯಲಿಲ್ಲ?’ ಎಂದು ಕೇಳುವ ಹಕ್ಕು ಅದಕ್ಕಿಲ್ಲ.

೭

ಈಗ ಮೊದಲಿನ ಕಾಕತಾಳೀಯಕ್ಕೆ ಮರಳೋಣ. ಬೆಸೆಯಲು ಹೊರಟ ಮೆಲೆಖೆಶ್, ಆ ಹಂಗಿಲ್ಲದ ಅಕ್ರಾಸಿಕೌಡ, ಎರಡೂ ೨೦೧೫ರಲ್ಲಿ ಸುಮೇರಿನತ್ತ ಏಕೆ ತಿರುಗಿದವು? ಸ್ವರಗಳು ಇಂದಿನ ಅರಬ್, ತುರ್ಕಿ, ಅರ್ಮೇನಿಯನ್ ಬದುಕಿನಿಂದ ಬಂದರೆ ಪದಗಳು ನಾಲ್ಕೈದು ಸಾವಿರ ವರ್ಷ ಹಿಂದಿನ ದೇವತೆಗಳಿಂದ ಬರುತ್ತವೆ. ಸುಮೇರಿನ ಸಂಗೀತ ಹೇಗಿತ್ತೆಂದು ಇಂದು ಯಾರೂ ಕೇಳಿ ಹೇಳಲಾರರು. ಅಂದರೆ ಬದುಕಿರುವ ಸಂಗೀತಕ್ಕೆ ಮೌನವಾದ ನಾಗರಿಕತೆಯೊಂದರ ಹೆಸರನ್ನಿಡಲಾಗಿದೆ.

ಇದಕ್ಕೆ ಚರಿತ್ರೆಯ ಒತ್ತಡವೂ ಇದೆ. ಅರಬ್ ಜಗತ್ತಿನಲ್ಲಿ ಮೆಟಲ್ ಕೇಳುವುದೇ ಅಪರಾಧವಾದ ಸಂದರ್ಭಗಳಿವೆ. ೧೯೯೭ರ ಜನವರಿಯಲ್ಲಿ ಈಜಿಪ್ಟಿನಲ್ಲಿ ಸೈತಾನಪೂಜೆಯ ಆರೋಪದ ಮೇಲೆ ನೂರರ ಸಮೀಪದಷ್ಟು ತರುಣ ತರುಣಿಯರನ್ನು ಬಂಧಿಸಿದರು. ೨೦೦೩ರಲ್ಲಿ ಮೊರಾಕೊದ ಕಾಸಾಬ್ಲಾಂಕಾದಲ್ಲಿ ಹದಿನಾಲ್ಕು ಮಂದಿ ಮೆಟಲ್ ವಾದಕರಿಗೆ, ಅಭಿಮಾನಿಗಳಿಗೆ ಶಿಕ್ಷೆ ವಿಧಿಸಲಾಯಿತು. ಅರಬ್ಬಿಯಲ್ಲಿಯೇ ಹಾಡುವ ಸೌದಿಯ ‘ಅಲ್-ನಮ್ರೂದ್’ ಎಂಬ ಬ್ಲ್ಯಾಕ್ ಮೆಟಲ್ ತಂಡದವರು ತಮ್ಮ ಮುಖ ಹೆಸರುಗಳನ್ನು ಮರೆಸಿಯೇ ಇಟ್ಟಿದ್ದಾರೆ. ಇಂಥ ಪರಿಸರದಲ್ಲಿ ಇಸ್ಲಾಂಪೂರ್ವದ ಪುರಾಣ ಒಂದು ಆಸರೆ. ಅದು ಅರಬನದೂ ಹೌದು, ಅರ್ಮೇನಿಯನ್ನನದೂ ಹೌದು, ಅಸ್ಸೀರಿಯನ್ನನದೂ ಹೌದು. ಯಾವ ಪಂಥವೂ ಅದನ್ನು ತನ್ನದು ಮಾತ್ರ ಎನ್ನಲಾಗದು. ಮೊಸುಲ್‌ನಲ್ಲಿ ಸುತ್ತಿಗೆ ಎತ್ತಿದವರಿಗೆ ಅಸಹ್ಯವೆನಿಸಿದುದೂ ಬಹುಶಃ ಅದರ ಈ ಹಂಚಿಕೊಂಡ ಗುಣವೇ. ಆ ಮಟ್ಟಿಗೆ ‘ಎನ್ಕಿ’ ಮತ್ತು ‘ಗಿಲ್ಗಮೆಶ್’ಗಳು, ತಾವು ಹಾಗೆಂದು ಘೋಷಿಸದಿದ್ದರೂ, ಒಂದು ಉತ್ತರವಾಗಿವೆ.

ಆದರೆ ಆಸರೆಗೆ ಬೆಲೆಯೂ ಇದೆ. ಎರಡೂ ತಂಡಗಳ ಹಾಡಿನ ಭಾಷೆ ಮುಖ್ಯವಾಗಿ ಇಂಗ್ಲಿಷ್. ಮಕಾಮ್ ಮೂಲತಃ ಹಾಡುವ ನಾಲಿಗೆಯ ಸಂಗೀತ. ಅರಬ್ಬಿ ಅಕ್ಷರಗಳ ದೀರ್ಘ ಹ್ರಸ್ವಗಳ ಮೇಲೆ, ಉಮ್ ಕುಲ್ಸುಮ್ ಅವರಂಥ ಗಾಯಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹೊಸದಾಗಿ ತಿರುವುತ್ತ ಹುಟ್ಟಿಸುತ್ತಿದ್ದ ‘ತರಬ್’ ಎಂಬ ಆನಂದದ ಮೇಲೆ, ಅದು ನಿಂತಿದೆ. ಗಿಟಾರು ನಡೆಯನ್ನು ಕಲಿತ ಕಡೆಗಳಲ್ಲಿಯೂ ಕಂಠ ಅದನ್ನು ಕಲಿಯದೆ ಉಳಿದಿದೆ. ಕೊಳುಕೊಡೆಯ ಲೆಕ್ಕದಲ್ಲಿ ಇದು ಇನ್ನೂ ಬಾಕಿ ಇರುವ ಮೊತ್ತವೆಂದು ನಮ್ಮ ಭಾವನೆ.

ಕೊನೆಯಲ್ಲಿ ಒಂದು ಮಾತು. ಹದಿನಾರನೆಯ ಶತಮಾನದಲ್ಲಿ ಶಿವಗಂಗೆಯ ಬಳಿಯ ಸಾತನೂರಿನಿಂದ ಹೊರಟ ಪುಂಡರೀಕ ವಿಠಲ, ಖಾನ್‌ದೇಶದ ಫಾರೂಕಿ ಅರಸರ ಆಶ್ರಯ ಪಡೆದು ಉತ್ತರದಲ್ಲಿ ನೆಲೆಸಿದ. ಅವನು ತನ್ನ ‘ರಾಗಮಂಜರಿ’ಯಲ್ಲಿ ಪಾರಸಿಕ ರಾಗಗಳ ಹೆಸರುಗಳನ್ನು ಅವನ್ನು ಹೋಲುವ ಇಲ್ಲಿನ ರಾಗಗಳ ಪಕ್ಕದಲ್ಲಿ ಪಟ್ಟಿಮಾಡಿದ. ಕನ್ನಡ ನಾಡಿನ ಹೊರಗೆ ಕುಳಿತು ಅನ್ಯ ಸಂಗೀತವನ್ನು ಕಿವಿಗೊಟ್ಟು ಕೇಳಿದವರಲ್ಲಿ ಅವನು ನಮ್ಮ ಹಿರಿಯ. ಅವನ ಪಟ್ಟಿ ಸಾದೃಶ್ಯವನ್ನು ಹೇಳುತ್ತದೆ, ಅಭೇದವನ್ನಲ್ಲ. ಎರಡು ಹೆಸರುಗಳನ್ನೂ ಉಳಿಸಿಕೊಂಡೇ ಅವುಗಳ ನೆರೆಹೊರೆಯನ್ನು ತೋರಿಸುತ್ತದೆ. ಮುಂಬಯಿ, ಹೈದರಾಬಾದ್, ದೆಹಲಿಗಳಲ್ಲಿ ಹಲವು ಭಾಷೆಗಳ ನಡುವೆ ಬದುಕುತ್ತಿರುವ ಸಂಶೋಧಕರಾದ ನಮಗೆ ಈ ಎಚ್ಚರ ಒದಗಬೇಕು. ಹಿಜಾಜನ್ನು ಕೇಳಿ ವಕುಳಾಭರಣವೆಂದು ಸುಮ್ಮನಾಗದೆ, ಆ ಎರಡರ ನಡುವೆ ಉಳಿಯುವ ಸಣ್ಣ ಅಂತರವನ್ನು ಕೇಳಿಸಿಕೊಳ್ಳುವುದು ಮುಂದಿನ ಅಧ್ಯಯನದ ಕೆಲಸ. ಝಲ್ಝಲ್‌ನ ಸ್ವರ ಇರುವುದು ಅಂಥ ಅಂತರದಲ್ಲಿಯೇ.